ಹಳೆಯ ಫೋಟೊಗಳ ಕಾದಂಬರಿ: ನಾನು ಓದುವ ಕ್ರಮ

ರಾನ್ಸಮ್ ರಿಗ್ಸ್ ಅವರ 2011ರ ಇಂಗ್ಲಿಷ್ ಕಾದಂಬರಿ ‘ಮಿಸ್ ಪೆರಿಗ್ರಿನ್ಸ್ ಹೋಮ್ ಫಾರ್ ಪೆಕ್ಯೂಲಿಯರ್ ಚಿಲ್ಡ್ರನ್’ ಕೈಗೆ ಬಂದ ಕೂಡಲೇ ಅದರೊಳಗಿನ ಫೋಟೊಗಳನ್ನೆಲ್ಲ ತಿರುವಿ ನೋಡಿಬಿಟ್ಟರೆ ಅರ್ಧ ರುಚಿ ಹೋದಂತೆ. ಅವು ಕಥೆಗೆಂದು ತೆಗೆಸಿದ ಚಿತ್ರಗಳಲ್ಲ. ಸಂಗ್ರಾಹಕರ ಬಳಿ ಉಳಿದಿದ್ದ, ಯಾರದೋ ನಿಜವಾದ ಹಳೆಯ ಫೋಟೊಗಳು.

ಮೊದಲು ಪ್ರತಿಯನ್ನು ನೋಡಿ ಆರಿಸಬೇಕು. ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ಹುಡುಕುವಾಗ ಕಡುಕಪ್ಪು ಹಿನ್ನೆಲೆಯ ಫೋಟೊ ಇರುವ ಪುಟವನ್ನೇ ತೆರೆಯುತ್ತೇನೆ. ಕೂದಲು, ಕೋಟು, ನೆರಳು ಬೇರೆಬೇರೆಯಾಗಿ ಕಾಣಬೇಕು. ಫುಟ್‌ಪಾತಿನ ನಕಲಿ ಪ್ರತಿಗಳಲ್ಲಿ ಅಚ್ಚಾದ ಪುಟವನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿರುತ್ತಾರೆ. ನಡುವಿನ ಬೂದು ಛಾಯೆಗಳೆಲ್ಲ ಕಪ್ಪಿಗೆ ಸೇರಿ ಮುಖ ಮಸಿಯಾಗಿರುತ್ತದೆ. ಕಪ್ಪು-ಬಿಳುಪು ಕಿಂಡಲ್‌ನಲ್ಲಿ ಇರುವುದು 16 ಬೂದು ಛಾಯೆ ಮಾತ್ರ, ಅದೂ ಸಾಲದು. ಕಾಗದದ ಪ್ರತಿ ಸಿಗದಿದ್ದರೆ ಫೋನೇ ವಾಸಿ.

ಓದುವಾಗ ಒಂದು ದಪ್ಪ ಕಪ್ಪು ಕಾಗದ ಜೊತೆಗಿರಲಿ. ಎದುರು ಪುಟದಲ್ಲಿ ಫೋಟೊ ಇದ್ದರೆ ಅದನ್ನು ಮುಚ್ಚಿಟ್ಟು ವರ್ಣನೆ ಓದಿ ಮುಗಿಸುತ್ತೇನೆ. ಆಮೇಲೆ ಅದೇ ಕಾಗದವನ್ನು ಫೋಟೊ ಪುಟದ ಹಿಂದೆ ಇಟ್ಟರೆ, ಹಿಂಬದಿಯ ಅಕ್ಷರ ಮೂಡಿ ಕಾಣುವ ತೊಂದರೆ ತಪ್ಪುತ್ತದೆ. ಭೂತಗನ್ನಡಿ 3 ಪಟ್ಟಿನದು ಸಾಕು. 10 ಪಟ್ಟಿನದರಲ್ಲಿ ಮುದ್ರಣದ ಚುಕ್ಕೆಗಳೇ ಕಾಣುತ್ತವೆ, ಚಿತ್ರ ಕಾಣುವುದಿಲ್ಲ.

ನೋಡಬೇಕಾದ್ದು ಮುಖವನ್ನಲ್ಲ, ಅಂಚುಗಳನ್ನು. ಮುಖಪುಟದಲ್ಲಿ ನೆಲದಿಂದ ಮೇಲೆ ತೇಲುವಂತೆ ಕಾಣುವ ಹುಡುಗಿಯ ವಿಷಯದಲ್ಲಿ ಪಾದ ಮತ್ತು ನೆಲದ ನಡುವಿನ ಸಂದು ನೋಡಿ. ಇಂಥ ಚಿತ್ರಕ್ಕೆ ಹಳಬರಿಗೆ ಹಲವು ದಾರಿಗಳಿದ್ದವು: ಜಿಗಿದ ಕ್ಷಣಕ್ಕೆ ಶಟರ್ ಒತ್ತುವುದು, ಸ್ಟೂಲಿನ ಮೇಲೆ ನಿಲ್ಲಿಸಿ ಆಮೇಲೆ ಸ್ಟೂಲನ್ನು ತಿದ್ದಿ ಅಳಿಸುವುದು. ತಲೆಯಿಲ್ಲದ ದೇಹ ಬೇಕಿದ್ದರೆ ಕಪ್ಪು ಹಿನ್ನೆಲೆಯೆದುರು ತಲೆಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಬೆಳಕು ಹಿಂದಿರುಗದ ಜಾಗ ಫಿಲಂ ಮೇಲೆ ಮೂಡುವುದಿಲ್ಲ. ಈ ಕೈಚಳಕ ತಿಳಿದರೆ ಕಥೆಗೆ ಕುಂದಿಲ್ಲ. ಅಜ್ಜ ತೋರಿಸುವ ಫೋಟೊಗಳನ್ನು ನಂಬಬೇಕೋ ಬೇಡವೋ ಎಂಬುದೇ ಕಥಾನಾಯಕ ಜೇಕಬ್‌ನ ಮೊದಲ ಸಂಕಟ, ಓದುಗರದೂ ಅದೇ ಆಗುತ್ತದೆ.

ಕೆಲವು ಕಡೆ ಫೋಟೊವನ್ನು ತರಲೆಂದೇ ಕಥೆ ಬಳಸಿಕೊಂಡು ಹೋಗುತ್ತದೆ. ಅದು ನನ್ನ ಪ್ರಕಾರ ಪುಸ್ತಕದ ನಿಜವಾದ ದೌರ್ಬಲ್ಯ. ಅಲ್ಲಿ ಬೇಗ ಓದಿ ಮುಂದೆ ಸಾಗುತ್ತೇನೆ.

1940ರ ಸೆಪ್ಟೆಂಬರ್ 3 ಮತ್ತೆಮತ್ತೆ ಮರಳುವ ಭಾಗಕ್ಕೆ ಬಂದಾಗ ಮಾತ್ರ ಹಿಂದಿನ ಫೋಟೊಗಳಿಗೆ ಮರಳಿ. ಅಜ್ಜನ ಕಾಲದ ಮಕ್ಕಳು ಇನ್ನೂ ಮಕ್ಕಳಾಗಿಯೇ ಇರುವುದೇಕೆ ಎಂಬುದು ಆಗ ಹೊಳೆಯುತ್ತದೆ.

2016ರ ಸಿನಿಮಾವನ್ನು ಓದಿ ಮುಗಿಸಿದ ಮೇಲೆಯೇ ನೋಡಿ. ಪುಸ್ತಕದ ವಿಚಿತ್ರ ಶಕ್ತಿಯ ಮಕ್ಕಳಲ್ಲಿ ಕೈಯಲ್ಲಿ ಬೆಂಕಿ ಹುಟ್ಟಿಸುವವಳು ಎಮ್ಮಾ, ಗಾಳಿಯಲ್ಲಿ ತೇಲುವವಳು ಆಲಿವ್. ಸಿನಿಮಾದಲ್ಲಿ ಇಬ್ಬರ ಶಕ್ತಿ ಅದಲುಬದಲಾಗಿದೆ, ತೇಲುವ ಹುಡುಗಿಯ ಫೋಟೊ ಕಂಡಾಗ ಬೇರೆಯದೇ ಹೆಸರು ಬಾಯಿಗೆ ಬರುತ್ತದೆ.