ಬಾಖ್‌ನ ಕ್ರೊಮ್ಯಾಟಿಕ್ ಫ್ಯಾಂಟಸಿಯಾವನ್ನು ಹಾರ್ಪ್ಸಿಕಾರ್ಡ್‌ನಲ್ಲಿ ಕೂರಿಸಿದ ಬಗೆ

ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಡಿ ಮೈನರ್ ಕ್ರೊಮ್ಯಾಟಿಕ್ ಫ್ಯಾಂಟಸಿಯಾ (ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 903) 79 ಬಾರ್‌ಗಳದ್ದು; ಬಾರ್ ಎಂದರೆ ತಾಳದ ಒಂದು ಸುತ್ತು. ಬೆನ್ನಿಗೇ ಮೂರು ದನಿಗಳ ಫ್ಯೂಗ್ ಇದೆ, ಒಂದೇ ರಾಗದ ಎಳೆಯನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ. ಬಾಖ್‌ನ ಕೈಬರಹದ ಪ್ರತಿ ಉಳಿದಿಲ್ಲ. ನಕಲು ಪ್ರತಿಗಳಲ್ಲಿ ಅಲ್ಲಲ್ಲಿ ಸ್ವರಗಳೇ ಬೇರೆ, ಹಾಗಾಗಿ ಪಾಠಾಂತರಗಳನ್ನು ಕೊಡುವ ಆವೃತ್ತಿಯನ್ನೇ ಇಟ್ಟುಕೊಂಡೆ.

ಬೆರಳಿಗಿಂತ ಮೊದಲು ಶ್ರುತಿ. ಕಾಲು ಕಾಮಾ ಮೀನ್‌ಟೋನ್ ಎಂಬ ಹಳೆಯ ಶ್ರುತಿಕ್ರಮ ಇಲ್ಲಿ ನಡೆಯುವುದೇ ಇಲ್ಲ: ಎ-ಫ್ಲ್ಯಾಟ್ ಬೇಕಾದಲ್ಲಿ ಅದೇ ಕೀಲಿಯಲ್ಲಿ ಸುಮಾರು 41 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್) ತಗ್ಗಿದ ಜಿ-ಶಾರ್ಪ್ ಸಿಗುತ್ತದೆ, ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಊಳಿಡುತ್ತದೆ. ನಾನು ಎ ಸ್ವರವನ್ನು 415 ಹರ್ಟ್ಸ್‌ಗೆ ಇಟ್ಟು ವಲೊಟ್ಟಿ ಎಂಬ ಶ್ರುತಿಕ್ರಮ ಬಳಸುತ್ತೇನೆ. ಎಫ್-ಸಿ-ಜಿ-ಡಿ-ಎ-ಇ-ಬಿ ಈ ಆರು ಪಂಚಮಗಳನ್ನು ತಲಾ ಸುಮಾರು 3.9 ಸೆಂಟ್ ಕುಗ್ಗಿಸುವುದು; ಬಿಯಿಂದ ಜಿ-ಶಾರ್ಪ್‌ವರೆಗೆ, ಎಫ್‌ನಿಂದ ಇ-ಫ್ಲ್ಯಾಟ್‌ವರೆಗೆ ಶುದ್ಧ ಪಂಚಮ. ಕೊನೆಗೆ ಜಿ-ಶಾರ್ಪ್ ಮತ್ತು ಇ-ಫ್ಲ್ಯಾಟ್ ತಾವಾಗಿ ಕೂಡಬೇಕು. ಅಲೆ (ದನಿಯ ನಡುಕ) ಕೇಳಿದರೆ ಆ ಜೋಡಿಯನ್ನು ತಿದ್ದಬೇಡಿ. ತಪ್ಪು ಹಿಂದೆಲ್ಲೋ ಇದೆ, ಹೆಚ್ಚಾಗಿ ಮೊದಲ ಆರರಲ್ಲಿ.

ಹಾರ್ಪ್ಸಿಕಾರ್ಡ್ ಕೀಲಿ ಒತ್ತಿದಾಗ ತಂತಿ ಮೀಟುವ ವಾದ್ಯ; ಇದರಲ್ಲಿ ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಹೆಚ್ಚುವುದಿಲ್ಲ. ವೀಣೆಯ ಮೀಟಿನಲ್ಲಿರುವ ಏರಿಳಿತ ಇಲ್ಲಿಲ್ಲ. ಒತ್ತು ಬರುವುದು ಕಾಲದಿಂದ: ಮುಖ್ಯ ಸ್ವರಕ್ಕೆ ಮುನ್ನ ಕೂದಲೆಳೆಯಷ್ಟು ತಡೆ, ಹಿಂದಿನ ಸ್ವರವನ್ನು ತುಸು ಬೇಗ ಬಿಡುವುದು. ಆರಂಭದ ಓಟಗಳನ್ನು ಒಂದೇ ವೇಗದಲ್ಲಿ ನುಡಿಸಿದರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ. ಮೊದಲ ಸ್ವರದ ಮೇಲೆ ನಿಂತು, ಮಧ್ಯದಲ್ಲಿ ವೇಗ ಕೂಡಿಸಿಕೊಂಡು, ಓಟದ ನಂತರದ ಮೌನವನ್ನು ಪೂರ್ತಿ ಉಳಿಸಿಕೊಳ್ಳಬೇಕು.

27ನೇ ಬಾರ್‌ನಿಂದ ಉದ್ದ ಕಾರ್ಡ್‌ಗಳು, ಮೇಲೆ 'ಆರ್ಪೆಜಿಯೊ' (ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸು) ಎಂಬ ಒಂದೇ ಮಾತು. ನಾನು ಪ್ರತಿ ಕಾರ್ಡನ್ನೂ ಕೆಳಗಿನಿಂದ ಮೇಲಕ್ಕೆ ಹೋಗಿ ಮತ್ತೆ ಇಳಿಸುತ್ತೇನೆ. ಒತ್ತಿದ ಕೀಲಿಗಳನ್ನೆಲ್ಲ ಕಾರ್ಡ್ ಬದಲಾಗುವವರೆಗೆ ಹಿಡಿದೇ ಇರುತ್ತೇನೆ. ಪೆಡಲ್ ಇಲ್ಲದ ವಾದ್ಯಕ್ಕೆ ಅನುರಣನ ಬೆರಳಿನಿಂದಲೇ ಬರಬೇಕು. ಆದರೆ ಹಳೆಯ ಕಾರ್ಡಿನ ಒಂದು ಬೆರಳು ಹೊಸದರಲ್ಲಿ ಉಳಿದರೂ ಕೆಸರಾಗುತ್ತದೆ. ಕರ್ಕಶ ಕಾರ್ಡ್‌ನಲ್ಲಿ ನಿಧಾನ, ಅದು ಬಿಡುಗಡೆಯಾಗುವಲ್ಲಿ ಹಗುರ.

ನಿಜವಾದ ಕಷ್ಟ 49ನೇ ಬಾರ್‌ನಿಂದ ಬರುವ 'ರೆಸಿಟೆಟಿವ್', ಮಾತಾಡಿದಂತೆ ಹಾಡುವ ಶೈಲಿಯ ಭಾಗ. ಇದನ್ನು ತಾಳವಿಲ್ಲದ ಆಲಾಪನೆಯಂತೆ ಎಳೆದರೆ ಕೆಡುತ್ತದೆ. ಕೆಳಗೆ ಹಾರ್ಮೊನಿ, ಅಂದರೆ ಕಾರ್ಡ್‌ಗಳ ಸಾಲು, ನಡೆಯುತ್ತಲೇ ಇರುತ್ತದೆ. ಮೊದಲ ವಾರ ಲಯ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು ಬರೀ ಕಾರ್ಡ್‌ಗಳನ್ನು ನುಡಿಸಿದೆ, ಆಮೇಲೆ ರಾಗದ ಸಾಲು ಸೇರಿಸಿದೆ, ಕೊನೆಗೆ ಮೆಟ್ರೊನೋಮ್ ತೆಗೆದೆ. ದಾರಿ ತಪ್ಪಿಸುವುದು ಡಿಮಿನಿಶ್ಡ್ ಸೆವೆಂತ್, ಸಮ ಅಂತರದ ನಾಲ್ಕು ಸ್ವರಗಳ ಕಾರ್ಡ್. ಸಿ-ಶಾರ್ಪ್, ಇ, ಜಿ, ಬಿ-ಫ್ಲ್ಯಾಟ್: ಇದೇ ನಾಲ್ಕು ಕೀಲಿಗಳಿಂದ ಡಿ, ಎಫ್, ಎ-ಫ್ಲ್ಯಾಟ್, ಬಿ ಎಂಬ ನಾಲ್ಕು ಮೈನರ್ ಸ್ವರಶ್ರೇಣಿಗಳಿಗೂ ಬಾಗಿಲು ತೆರೆಯುತ್ತದೆ. ಇಂಥ ಪ್ರತಿ ಕಾರ್ಡಿನ ಕೆಳಗೂ ಅದು ಹೋಗುವ ಊರನ್ನು ಪೆನ್ಸಿಲಿನಲ್ಲಿ ಬರೆದಿಟ್ಟೆ. ಬಾಯಿಪಾಠ ಮರೆಯುತ್ತಿದ್ದದ್ದು ಅಲ್ಲೇ. ಈ ಭಾಗಕ್ಕೆ ಒಂದೇ 8 ಅಡಿ ತಂತಿಸಾಲು (ಬರೆದ ಎತ್ತರದಲ್ಲೇ ನುಡಿಯುವ ಸಾಲು) ಸಾಕು. ನಡುವೆ ಬರುವ ಕಾರ್ಡ್‌ಗಳು ಚುಟುಕಾಗಿರಲಿ, ಗಾಯಕನಿಗೆ ಅಡ್ಡ ಬರುವ ಪಕ್ಕವಾದ್ಯ ಯಾರಿಗೂ ಬೇಡ.

ಕೊನೆಯ 5 ಬಾರ್‌ಗಳಲ್ಲಿ ಕೆಳಗೆ ಡಿ ನಿಂತಿರುತ್ತದೆ, ಮೇಲೆ ಕಾರ್ಡ್‌ಗಳು ಅರ್ಧ ಸ್ವರ ಅರ್ಧ ಸ್ವರವಾಗಿ ಇಳಿಯುತ್ತವೆ. ಬರೆದಂತೆ ಹಿಡಿದರೆ ಡಿ ಬೇಗ ಸಾಯುತ್ತದೆ. ಬಾರ್‌ನ ಮೊದಲಿಗೆ ಮತ್ತೆ ಮೀಟುತ್ತೇನೆ. ಕೊನೆಯ ಡಿ ಮೇಜರ್‌ನ ಬೆರಳುಗಳನ್ನು ಒಟ್ಟಿಗೆ ಎತ್ತಿದರೆ ತಂತಿ ಮೀಟುವ ಪಟ್ಟಿಗಳಾದ ಜ್ಯಾಕ್‌ಗಳು ಒಟ್ಟಿಗೇ ಬಿದ್ದು ಟಕ್ ಎನ್ನುತ್ತವೆ. ಮೇಲಿನಿಂದ ಒಂದೊಂದಾಗಿ ಬಿಡಿ, ಆ ಸದ್ದೂ ಅಡಗಿದ ಮೇಲೆ ಫ್ಯೂಗ್‌ನ ಎ ಮುಟ್ಟಿ.