ಎಷ್ಟು ಸ್ನಾಯು ಕೆತ್ತಬೇಕು? ನನ್ನ ಅನುಭವ

ಕಂಪ್ಯೂಟರ್‌ನಲ್ಲಿ ಅನಿಮೇಷನ್‌ಗಾಗಿ 3D ಕ್ಯಾರೆಕ್ಟರ್ ಮಾಡೆಲ್ ಕೆತ್ತಲು ಶುರು ಮಾಡಿದ ಹೊಸದರಲ್ಲಿ, ನನಗೆ ಗೊತ್ತಿದ್ದ ಸ್ನಾಯುಗಳನ್ನೆಲ್ಲ ಮೈಮೇಲೆ ಮೂಡಿಸುತ್ತಿದ್ದೆ. ಸುಮ್ನೆ ನಿಂತ ಭಂಗಿಯಲ್ಲಿ ಮಾಡೆಲ್ ಚೆನ್ನಾಗಿಯೇ ಕಾಣುತ್ತಿತ್ತು. ರಿಗ್ (ಮಾಡೆಲ್ ಆಡಿಸಲು ಒಳಗೆ ಕೂರಿಸುವ ಮೂಳೆಗೂಡಿನಂಥ ವ್ಯವಸ್ಥೆ) ಹಾಕಿ ಕೈ ಆಡಿಸಿದ ದಿನ ತೊಂದರೆ ಗೊತ್ತಾಯಿತು. ತೋಳು ನೇರ ಚಾಚಿದರೂ ಬೈಸೆಪ್ಸ್ ಉಬ್ಬಿಕೊಂಡೇ ಇತ್ತು. ಮುಂದೋಳು ತಿರುಗಿಸಿದರೆ ಅಲ್ಲಿ ಕೆತ್ತಿದ್ದ ಗೀರುಗಳೆಲ್ಲ ಹಗ್ಗದ ಹಾಗೆ ಹುರಿಗೊಂಡವು. ಜೀವವಿರುವ ಮೈಯಲ್ಲಿ ಒಂದು ಸ್ನಾಯು ಬಿಗಿಯಾದರೆ ಅದರ ಎದುರಿನದು ಸಾಮಾನ್ಯವಾಗಿ ಸಡಿಲವಾಗುತ್ತೆ, ಅಲ್ವಾ? ನಾನು ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿಟ್ಟಿದ್ದೆ.

ಆಮೇಲೆ ಕೆಲಸದ ಕ್ರಮ ಬದಲಿಸಿದೆ. ಈಗ ಮೊದಲು ಮೂಳೆ. ಚರ್ಮದ ಕೆಳಗೇ ಇದ್ದು ಬೆರಳಿಗೆ ಸಿಗುವಂಥವು: ಕಾಲರ್ ಬೋನ್, ಭುಜದ ತುದಿ, ಮೊಣಕೈ, ಮಂಡಿಚಿಪ್ಪು. ದಪ್ಪ ಮೈಯಲ್ಲಿ ಇವೇ ಜಾಗಗಳು ಉಬ್ಬುವ ಬದಲು ಕುಳಿಯಾಗಿ ಕಾಣುವುದೂ ಉಂಟು. ಆದರೆ ಜಾಗ ತಪ್ಪಬಾರದು.

ಮೊಣಕೈಗೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ನಿಮ್ಮದೇ ಮೊಣಕೈ ಮುಟ್ಟಿ ನೋಡಿ. ಎರಡು ಬದಿಗೆ ಎರಡು ಗಂಟು, ಹಿಂದೆ ಒಂದು ತುದಿ. ಕೈ ನೇರ ಚಾಚಿದಾಗ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ಮಡಚಿದಾಗ ತ್ರಿಕೋನವಾಗುತ್ತವೆ. ಆ ಹಿಂದಿನ ತುದಿಯಿಂದ ಕಿರುಬೆರಳ ಕಡೆಯ ಮಣಿಕಟ್ಟಿನವರೆಗೆ ಬೆರಳು ಎಳೆಯಿರಿ. ಉದ್ದಕ್ಕೂ ಒಂದೇ ಮೂಳೆಯ ಅಂಚು ಸಿಗುತ್ತದೆ. ಅಂಗೈ ತಿರುಗಿಸಿದರೂ ಅದು ಹೆಚ್ಚು ಕದಲುವುದಿಲ್ಲ. ಹೆಬ್ಬೆರಳ ಕಡೆಯ ಮೂಳೆಯೇ ಅದರ ಮೇಲೆ ಅಡ್ಡ ಹಾಯುತ್ತದೆ. ಹಾಗಾಗಿ ಈ ಒಂದು ಅಂಚನ್ನು ಧೈರ್ಯವಾಗಿ, ಚೂಪಾಗಿ ಕೆತ್ತುತ್ತೇನೆ. ಅದರ ಎರಡೂ ಪಕ್ಕದ ಸ್ನಾಯುಗಳನ್ನು ಎರಡು ಮೆತ್ತನೆಯ ಗುಂಪಾಗಿ ಬಿಡುತ್ತೇನೆ. ಅಲ್ಲಿ ಒಂದೊಂದೇ ನಾರು ಬಿಡಿಸುವ ಆಸೆ ನನಗೆ ಈಗಲೂ ಬರುತ್ತದೆ. ತಡೆದುಕೊಳ್ಳುತ್ತೇನೆ.

ಇನ್ನೊಂದು, ಸಬ್‌ಡಿವಿಷನ್. ಅಂದರೆ ಮಾಡೆಲ್‌ನ ಮೇಲ್ಮೈಯ ಪುಟ್ಟ ಚೌಕಗಳನ್ನು ಇನ್ನೂ ಸಣ್ಣದಾಗಿ ಒಡೆಯುವುದು. ಪ್ರತಿ ಹಂತಕ್ಕೂ ಈ ಚೌಕಗಳ ಸಂಖ್ಯೆ 4 ಪಟ್ಟು ಆಗುತ್ತದೆ. 10,000 ಇದ್ದದ್ದು ನಾಲ್ಕು ಸಲ ಏರಿಸಿದರೆ 25.6 ಲಕ್ಷ. ಬೇಗ ಮೇಲೇರಿಬಿಟ್ಟರೆ ದೊಡ್ಡ ಆಕಾರದ ತಪ್ಪನ್ನು ತಿದ್ದುವುದು ಕಷ್ಟ. ಸಣ್ಣ ಬ್ರಷ್‌ನಲ್ಲಿ ಅದನ್ನೇ ಸವರುತ್ತಾ ಕೂರಬೇಕಾಗುತ್ತದೆ. ನಾನು ಕೆಳಗಿನ ಹಂತದಲ್ಲೇ ಆದಷ್ಟು ಹೊತ್ತು ಇರುತ್ತೇನೆ. ಕೊನೆಯ ಶಾಟ್‌ನಲ್ಲಿ ಕ್ಯಾಮೆರಾ ಎಲ್ಲಿರುತ್ತದೋ ಅಲ್ಲಿಂದಲೇ ಆಗಾಗ ನೋಡುತ್ತೇನೆ. ಅಲ್ಲಿಂದ ಕಾಣದ ಚರ್ಮದ ರಂಧ್ರಗಳಿಗೆ ಕೈ ಹಾಕುವುದಿಲ್ಲ. ಮುಖದ ಕ್ಲೋಸಪ್ ಇದ್ದರೆ ಮಾತು ಬೇರೆ. ಬಟ್ಟೆ ಮುಚ್ಚುವ ಕಡೆ ಭುಜ, ಎದೆ, ಸೊಂಟದ ಒಟ್ಟು ಆಕಾರ ಸಾಕು, ಏಕೆಂದರೆ ಬಟ್ಟೆ ನಿಲ್ಲುವುದು ಅವುಗಳ ಮೇಲೆ.

ಬೈಸೆಪ್ಸ್ ಉಬ್ಬನ್ನು ನಾನೀಗ ಮೂಲ ಮಾಡೆಲ್‌ನಲ್ಲಿ ಇಡುವುದೇ ಇಲ್ಲ. ಅಲ್ಲಿ ತೋಳು ಸಡಿಲವಾಗಿರುತ್ತದೆ. ಉಬ್ಬನ್ನು ಬೇರೆ ಶೇಪ್ ಆಗಿ ಕೆತ್ತಿ ರಿಗ್‌ಗೆ ಜೋಡಿಸುತ್ತೇನೆ. ಮೊಣಕೈ ಮಡಚುತ್ತಾ ಹೋದಂತೆ ಅದು ಮೆಲ್ಲಗೆ ಏರುತ್ತದೆ, ಕೈ ಚಾಚಿದಾಗ ಇಳಿಯುತ್ತದೆ.