ಶಿರಾದ ಹೊಲ, ತುಮಕೂರಿನ ವಕೀಲರು

ಅಪ್ಪ ತೀರಿಕೊಂಡ ಮೇಲೆ ಶಿರಾ ಹತ್ತಿರದ ನಮ್ಮ ಕಡಲೇಕಾಯಿ ಹೊಲದ ಪಹಣಿಯಲ್ಲಿ ಅಣ್ಣನ ಹೆಸರೊಂದೇ ಬಂತು. ವಂಶವೃಕ್ಷದಲ್ಲಿ ನಾನು ಇಲ್ಲವೇ ಇಲ್ಲ! ನಾನಿರುವುದು ತುಮಕೂರಿನಲ್ಲಿ. ಗೊತ್ತಿದ್ದವರು ಹೇಳಿದರು ಅಂತ ಇಲ್ಲಿಯೇ ಒಬ್ಬ ವಕೀಲರಿಗೆ 10 ಸಾವಿರ ಕೊಟ್ಟು ವಕಾಲತ್ತಿಗೆ ಸಹಿ ಹಾಕಿದೆ. ರಸೀದಿ ಕೇಳಲಿಲ್ಲ. ಮೂರು ತಿಂಗಳು 'ಹಾಕೋಣಮ್ಮ, ಹಾಕೋಣ' ಅನ್ನುವುದರಲ್ಲೇ ಕಳೆಯಿತು.

ತಪ್ಪು ನನ್ನದೂ ಇತ್ತು. ಯಾವ ಕೋರ್ಟು ಅಂತ ತಿಳಿಯುವ ಮೊದಲೇ ವಕೀಲರನ್ನು ಹುಡುಕಿದ್ದೆ.

ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಕಾನೂನು ನೆರವು ಉಚಿತ. ಇದು ಮೊದಲೇ ಗೊತ್ತಿದ್ದರೆ ಆ 10 ಸಾವಿರ ಉಳಿಯುತ್ತಿತ್ತು, ಅಲ್ವಾ? ಅಲ್ಲಿದ್ದ ಮೇಡಂ ಪಹಣಿ ನೋಡಿ, ಖಾತೆಯೇ ಬೇರೆ, ಹಕ್ಕೇ ಬೇರೆ ಅಂದರು. ಖಾತೆ ತಪ್ಪಾಗಿ ಏರಿದ್ದರೆ ಎ.ಸಿ. ಅಂದರೆ ಉಪವಿಭಾಗಾಧಿಕಾರಿಯ ಕೋರ್ಟಿಗೆ ಮೇಲ್ಮನವಿ, ಅದೂ ಗೊತ್ತಾದ 60 ದಿನದೊಳಗೆ. ಶಿರಾ ಬರುವುದು ಮಧುಗಿರಿ ಉಪವಿಭಾಗಕ್ಕೆ, ಹಾಗಾಗಿ ಎ.ಸಿ. ಸಾಹೇಬರು ಇರುವುದು ಮಧುಗಿರಿಯಲ್ಲಿ. ನನ್ನ 60 ದಿನ ಆ 'ಹಾಕೋಣ'ದಲ್ಲೇ ಮುಗಿದಿತ್ತು. ತಡವಾದದ್ದಕ್ಕೆ ಕಾರಣ ಬರೆದು ಕೊಡಬೇಕಾಯಿತು. ಪಾಲು ಕೇಳುವುದಾದರೆ ಮಾತ್ರ ಸಿವಿಲ್ ಕೋರ್ಟು, ಅದೂ ಜಮೀನು ಇರುವ ಕಡೆ, ಅಂದರೆ ಶಿರಾದಲ್ಲಿ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು.

ಉಚಿತ ವಕೀಲರನ್ನು ಕೇಳಬಹುದಿತ್ತು. ಆದರೆ ಒಮ್ಮೆ ಕೈ ಸುಟ್ಟುಕೊಂಡಿದ್ದೆ, ಈ ಸಲ ನಾನೇ ಕಣ್ಣಾರೆ ನೋಡಿ ಆರಿಸಬೇಕು ಅನ್ನಿಸಿತು. ಎರಡು ದಿನ ಬೆಳಿಗ್ಗೆ ಹನ್ನೊಂದಕ್ಕೆ ಶಿರಾ ಕೋರ್ಟ್ ಹಾಲ್‌ನ ಹಿಂದಿನ ಬೆಂಚಲ್ಲಿ ಸುಮ್ನೆ ಕೂತೆ. ಕೇಸು ಕೂಗಿದಾಗ ಕೆಲವರು ಜೂನಿಯರ್ ಕಳಿಸಿ ವಾಯಿದೆ ತಗೊಂಡರು. ಒಬ್ಬರು ಮಾತ್ರ ತಾವೇ ಎದ್ದು ನಿಂತು, ಸರ್ವೆ ನಂಬರ್ ಬಾಯಲ್ಲೇ ಹೇಳಿ ಸಾಕ್ಷಿಯನ್ನು ಪ್ರಶ್ನೆ ಮಾಡಿದರು. ಹೊರಗೆ ಅವರ ಗುಮಾಸ್ತರನ್ನು ಮಾತಾಡಿಸಿದೆ. ಫೀಸು ಎಷ್ಟು, ಯಾವಾಗ ಕೊಡಬೇಕು ಅಂತ ಚೀಟಿಯಲ್ಲಿ ಬರೆಸಿಕೊಂಡೆ. ಹಳೇ ವಕೀಲರಿಂದ ಕಾಗದ ವಾಪಸ್ ತರುವುದಕ್ಕೇ ನಾಲ್ಕು ಸಲ ಅಲೆದೆ.

ಭಾಗದ ದಾವೆಗೆ ಕೋರ್ಟ್ ಫೀ ಬರೀ 200 ರೂಪಾಯಿ ಅಂದಾಗ ನಂಬಿಕೆ ಬರಲಿಲ್ಲ. ಹೊಲ ಮಾರದ ಹಾಗೆ ತಡೆಯಾಜ್ಞೆಗೂ ಅರ್ಜಿ ಹಾಕಿದರು. ದಾವೆಯ ಸಿ.ಎನ್.ಆರ್. ನಂಬರನ್ನು, ಅಂದರೆ ಪ್ರತಿ ಕೇಸಿಗೂ ಇರುವ ಗುರುತಿನ ನಂಬರನ್ನು, ಕೇಳಿ ಪಡೆದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ. ಅಣ್ಣನಿಗೆ ಸಮನ್ಸ್ ಮುಟ್ಟಿದ್ದು ಅದರಲ್ಲೇ ಗೊತ್ತಾಯಿತು, ಅವನು ಸಿಟ್ಟಿನಲ್ಲಿ ಫೋನ್ ಮಾಡುವ ಮೊದಲು.